ಯಥಾಸ್ಥಿತಿ ಐತಿ, ಬರ್ಕೊಳ್ರಿ

ತಡೀರಿ, ತಡೀರಿ! ಇದೊಂದನ್ನು ಕೇಳಿ ಆಮೇಲೆ ಹೋಗಿ. ನೀರೇ ಇಲ್ಲದ ಕಾಲುವೆಗೆ ದಿನಕ್ಕೆರಡು ಸಲ ಬಗ್ಗಿ ನೋಡಿ, ನೀರು ಎಷ್ಟಿದೆ ಅಂತ ಕಚೇರಿಗೆ ಫೋನ್ ಮಾಡುತ್ತಿದ್ದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣದೆ ಏನು, ಅವರು ನನ್ನ ಸ್ವಂತ ಸೋದರಮಾವ!

ಮಾವ ಮೆಟ್ರಿ ಅನ್ನುವ ಊರಿನವರು. ಕಾಲುವೆಯ ಗೇಜು ಓದುವ ಕೆಲಸ ಮಾಡಿ ನಿವೃತ್ತರಾದವರು. ಗೇಜು ಅಂದರೆ ದೊಡ್ಡದೇನಲ್ಲ, ಕಾಲುವೆಯ ಗೋಡೆಗೆ ಎಳೆದ ಅಡಿ, ಅಂಗುಲದ ಗೆರೆಗಳು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರು ಯಾವ ಗೆರೆಗಿದೆ ಅಂತ ನೋಡಿ ಹೇಳಬೇಕು. ಆ ಕಡೆಯವರು “ಬರ್ಕೊಂಡೆ” ಅನ್ನಬೇಕು. ಅಷ್ಟೇ! ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಉಳಿದವರು ಮನೆಯಲ್ಲಿ ಕಾಲು ಚಾಚಿದರೆ, ಮಾವ ಮಾತ್ರ ಆ ಬಿರುಕು ಬಿಟ್ಟ ಮಣ್ಣನ್ನೇ ಗಂಭೀರವಾಗಿ ನೋಡಿ, “ಸೊನ್ನಿ. ಯಥಾಸ್ಥಿತಿ ಐತಿ, ಬರ್ಕೊಳ್ರಿ” ಅನ್ನುತ್ತಿದ್ದರಂತೆ.

ನಿವೃತ್ತಿಯಾದ ಮೇಲೆ ಆ ಚಟ ಬಿಟ್ಟಿತಾ? ಎಲ್ಲಿಯ ಮಾತು! ಈಗ ಮನೆಯ ನೀರಿನ ಟ್ಯಾಂಕಿಗೆ ರೀಡಿಂಗು, ಗ್ಯಾಸ್ ಸಿಲಿಂಡರಿಗೆ ರೀಡಿಂಗು. ಎಲ್ಲವೂ ಒಂದು ದಪ್ಪ ರಿಜಿಸ್ಟರಿನಲ್ಲಿ. ನಮ್ಮತ್ತೆಯ ಗೋಳು ಕೇಳಬೇಕು ನೀವು. “ಸಾರು ಹೆಂಗಾಗೈತ್ರಿ ಅಂದ್ರ ‘ಯಥಾಸ್ಥಿತಿ’ ಅಂತಾರಪ್ಪ ನಿಮ್ಮಾವ! ಚಲೋ ಐತಿ ಅಂದ್ರ ಬಾಯಿ ಸವೀತೈತೇನು?”

ಇನ್ನು ನಾನು. ಕುರೆಕುಪ್ಪದಲ್ಲಿ ಒಂದು ಬಾಡಿಗೆ ಕೋಣೆ, ಕಾರ್ಖಾನೆಯ ಲಾರಿ ಗೇಟಿನಲ್ಲಿ ಕಾಂಟ್ರಾಕ್ಟ್ ಕೆಲಸ. ನಮ್ಮ ಕಟ್ಟಡದಲ್ಲಿ ಎಲ್ಲರೂ ಶಿಫ್ಟಿನವರು. ನಾನು ಎದ್ದಾಗ ಅವರು ಮಲಗಿರುತ್ತಾರೆ, ಅವರು ಎದ್ದಾಗ ನಾನು ಇರುವುದಿಲ್ಲ. ಎರಡು ವರ್ಷದಲ್ಲಿ ಪಕ್ಕದ ಕೋಣೆಯವನ ಚಪ್ಪಲಿಯ ಪರಿಚಯವಾಗಿದೆ, ಅವನದಾಗಿಲ್ಲ! ಮಾತಿಗೆ ಯಾರೂ ಇಲ್ಲದವನು ಏನು ಮಾಡುತ್ತಾನೆ? ನಾನು ಫೋನಿನಲ್ಲಿ ವಿಡಿಯೋ ನೋಡಿ ಕಂಪ್ಯೂಟರ್ ಕಲಿತೆ. ಕಡ್ಡಿರಾಂಪುರದ ಒಂದು ಹೋಮ್‌ಸ್ಟೇಗೆ, ಕಂಪ್ಲಿಯ ಒಂದು ಅಕ್ಕಿ ಗಿರಣಿಗೆ ವೆಬ್‌ಸೈಟ್ ಮಾಡಿಕೊಟ್ಟೆ. ಎರಡನ್ನೂ ಒಂದೇ ಬಾಡಿಗೆ ಸರ್ವರಿನಲ್ಲಿ ಇಟ್ಟೆ. ಸರ್ವರ್ ಅಂದರೆ ಎಲ್ಲೋ ದೂರದಲ್ಲಿ ಯಾವಾಗಲೂ ಆನ್ ಇರುವ ಕಂಪ್ಯೂಟರ್.

ಆಮೇಲೆ ಕಾವಲಿಗೆ ಒಂದು ತಂತ್ರಾಂಶ ಹಾಕಿದೆ. ಅದು ನಿಮಿಷಕ್ಕೊಮ್ಮೆ ಹೋಗಿ ಒಂದೊಂದೇ ಸೈಟಿನ ಬಾಗಿಲು ಬಡಿದು “ಇದ್ದೀಯಾ?” ಅಂತ ಕೇಳುತ್ತದೆ. ಉತ್ತರ ಬಂದರೆ ಹಸಿರು. ಬರದಿದ್ದರೆ ಕೆಂಪು, ಜೊತೆಗೆ ನನ್ನ ಫೋನಿಗೆ ಸಂದೇಶ. ಎಷ್ಟು ಮಸ್ತ್ ಅಲ್ಲವಾ? ಯಾರಿಗೆ ತೋರಿಸಲಿ? ಮೆಟ್ರಿಗೆ ಹೋಗಿ ಮಾವನಿಗೆ ತೋರಿಸಿದೆ.

ಮಾವ ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: “ಈ ಕಾವಲುಗಾರ ಎಲ್ಲಿ ಕುಂತಾನ?”

“ಅದ ಸರ್ವರ್‌ನ್ಯಾಗ, ಮಾವಾ.”

“ಹುಚ್ಚಪ್ಪ! ಕಾಲುವಿ ಒಡದಾಗ ಕಾವಲುಗಾರನ ಗುಡಿಸಲಾನೂ ಕೊಚ್ಕೊಂಡು ಹೋದ್ರ ಫೋನ್ ಯಾರು ಮಾಡ್ತಾರಲೇ?”

ಮೂರು ವಾರ ವಿಡಿಯೋ ನೋಡಿದವನಿಗೆ ಹೊಳೆಯದ್ದು ಇವರಿಗೆ ಮೂರು ನಿಮಿಷದಲ್ಲಿ ಹೊಳೆಯಿತು! ವಾಪಸ್ ಬಂದವನೇ ಕೋಣೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪನ್ನು ಇನ್ನೊಂದು ಸರ್ವರ್ ಮಾಡಿ, ಕಾವಲುಗಾರನನ್ನು ಅದರಲ್ಲಿ ಕೂರಿಸಿದೆ.

ಮಾವ ಅಷ್ಟಕ್ಕೇ ಬಿಡುವವರಾ? ಆ ಭಾನುವಾರ ಫೋನ್ ಬಂತು.

“ಎಲ್ಲಾ ಸರಿ ಇದ್ದಾಗ ಅದು ಏನಂತೈತಿ?”

“ಏನೂ ಅನ್ನಲ್ಲ ಮಾವಾ. ಕೆಟ್ಟಾಗ ಅಷ್ಟ ಹೇಳತೈತಿ. ಸರಿ ಇದ್ರ ಸುಮ್ನ ಇರತೈತಿ.”

“ಸತ್ರೂ ಸುಮ್ನ ಇರತೈತಲ್ಲ! ಎರಡೂ ಒಂದ ನಮೂನಿ ಸುಮ್ನ. ನನಗ ಹೆಂಗ ಗೊತ್ತಾಗ್ಬೇಕು? ಹಂಗೆಲ್ಲಾ ಬ್ಯಾಡ. ದಿನಕ್ಕ ಎರಡು ಸಲ ರೀಡಿಂಗ್ ಕಳಸಾಕ ಹೇಳು.”

“ನಿಮಗ್ಯಾಕ್ರಿ ಮಾವಾ ಗಿರಣಿ ವೆಬ್‌ಸೈಟ್ ರೀಡಿಂಗು?”

“ಬರ್ಕೊಳಾಕ!”

ಅಳಿಯನಾಗಿ ಹುಟ್ಟಿದ ಮೇಲೆ ಮುಗಿಯಿತು. ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಆರಕ್ಕೂ ಆರಕ್ಕೂ ಲ್ಯಾಪ್‌ಟಾಪಿನಿಂದ ಮಾವನಿಗೆ ಸಂದೇಶ ಹೋಗತೊಡಗಿತು: “ಎರಡೂ ಹಸಿರು. ಯಥಾಸ್ಥಿತಿ.” ಮಾವನ ಉತ್ತರ ನನ್ನ ಫೋನಿಗೆ ಬರುತ್ತಿತ್ತು: “ಬರ್ಕೊಂಡೆ.” ಒಮ್ಮೆ ನೆಟ್ ನಿಧಾನವಾಗಿ ಸಂದೇಶ ಹೋಗಿದ್ದು ಆರು ಗಂಟೆ ಎರಡು ನಿಮಿಷಕ್ಕೆ. ಉತ್ತರ ಬಂತು: “ಎರಡು ನಿಮಿಷ ತಡ. ಕಾರಣ ತಿಳಿಸು”! ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು, ಅದರ ಕೊನೆಗೆ ಇನ್ನೊಂದು ಪ್ರಶ್ನೆಯೂ ಇರುತ್ತಿತ್ತು. “ಮತ್ತ ನೀನು?” ನಾನೂ ತಮಾಷೆಗೆ “ಯಥಾಸ್ಥಿತಿ” ಅನ್ನುತ್ತಿದ್ದೆ. “ಬರ್ಕೊಂಡೆ” ಅಂತ ಇಟ್ಟುಬಿಡುತ್ತಿದ್ದರು.

ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ, ನಿಮಗೆ ಹೇಳಲು ನಾಚಿಕೆ ಏನು, ಆರು ಗಂಟೆಗೆ ನಾನೇ ಫೋನ್ ನೋಡುತ್ತಾ ಕೂರುತ್ತಿದ್ದೆ. ಗೇಟಿನಲ್ಲಿ ನೂರು ಲಾರಿ ದಾಟಿದರೂ ಎಷ್ಟೋ ದಿನ ನನ್ನ ಪಾಲಿಗೆ ಬರುತ್ತಿದ್ದ ಮಾತು ಅದೊಂದೇ.

ಹೋದ ತಿಂಗಳು ಒಂದು ದಿನ ಶಿಫ್ಟ್ ಮುಗಿಸಿ ಬಂದವನಿಗೆ ಜ್ವರ ಬಂತು. ಮರುದಿನ ರಜೆ, ಹಾಗಾಗಿ ಗೇಟಿನಲ್ಲಿ ಯಾರೂ ನನ್ನನ್ನು ಹುಡುಕುವಂತಿರಲಿಲ್ಲ. ಮಧ್ಯಾಹ್ನ ಎಕ್ಸ್‌ಟೆನ್ಶನ್ ಬೋರ್ಡ್ ಸುಟ್ಟಿತು. ಲ್ಯಾಪ್‌ಟಾಪು, ಫೋನು ಎರಡೂ ಅದಕ್ಕೇ ಸಿಕ್ಕಿಸಿದ್ದು. ಎದ್ದು ಸರಿಮಾಡುವ ಶಕ್ತಿ ಇರಲಿಲ್ಲ. ಸಂಜೆಯೊಳಗೆ ಬ್ಯಾಟರಿ ಮುಗಿದು ಎರಡೂ ಆರಿಹೋದವು. ಸೈಟುಗಳು ಮಾತ್ರ ದೂರದ ಸರ್ವರಿನಲ್ಲಿ ಆರಾಮಾಗಿ ನಡೆಯುತ್ತಿದ್ದವು. ಅಂದಮೇಲೆ ನನ್ನನ್ನು ಯಾರು ಕೇಳುತ್ತಾರೆ? ಪಕ್ಕದ ಚಪ್ಪಲಿ ಬಂತು, ಹೋಯಿತು. ಗೋಡೆ ನೋಡುತ್ತಾ ಮಲಗಿದ್ದೆ. ನಾನು ಹೀಗೇ ಇದ್ದುಬಿಟ್ಟರೆ ಎಷ್ಟು ದಿನಕ್ಕೆ ಗೊತ್ತಾಗಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಮರುದಿನ ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದು. ಗೋಡೆ ಹಿಡಿದು ಹೋಗಿ ತೆಗೆದರೆ ಮಾವ! ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚೀಲ.

“ಸಂಜಿ ರೀಡಿಂಗ್ ಬರಲಿಲ್ಲ. ಮುಂಜಾನಿದೂ ಬರಲಿಲ್ಲ. ಫೋನ್ ಮಾಡಿದ್ರ ಸ್ವಿಚ್ ಆಫ್. ಮೂರು ಬಸ್ ಬದಲಿ ಮಾಡಿ ಬಂದೀನಿ.”

“ಸರ್ವರ್ ಚಲೋ ಐತಿ ಮಾವಾ,” ಅಂದೆ. “ಇಲ್ಲಿ ಬೋರ್ಡ್ ಸುಟ್ಟೈತಿ, ಅಷ್ಟ.”

“ಸರ್ವರ್ ತಗೊಂಡು ನಾನೇನು ಮಾಡ್ಲಲೇ!” ಅಂದವರು ಹಣೆ ಮುಟ್ಟಿ ನೋಡಿದರು. ಮಾತ್ರೆ ತಂದರು. ಗಂಜಿ ಮಾಡಿದರು. ಅತ್ತೆ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಾವು ತಿಂದರು. ಹೊಸ ಬೋರ್ಡ್ ತರಲು ಅಂಗಡಿಗೆ ಹೊರಟರು.

ಅವರ ಚೀಲದಲ್ಲಿ ರಿಜಿಸ್ಟರು ಇತ್ತು. ತೆಗೆದು ನೋಡಿದೆ. ಟ್ಯಾಂಕು, ಸಿಲಿಂಡರು, ಗಿರಣಿ ಸೈಟು, ಹೋಮ್‌ಸ್ಟೇ ಸೈಟು. ಕೊನೆಯ ಕಾಲಮಿಗೆ ‘ಅಳಿಯ’ ಅಂತ ಹೆಸರು! ಪ್ರತಿ ಭಾನುವಾರದ ಎದುರು ಒಂದೊಂದು ಸಾಲು.

‘ನಕ್ಕ. ದನಿ ಚಲೋ ಐತಿ.’

‘ಯಥಾಸ್ಥಿತಿ ಅಂದ. ಸುಳ್ಳು. ಉಂಡಿಲ್ಲ.’

‘ಭಾಳ ಹೊತ್ತು ಮಾತಾಡಿದ. ವಾರದಾಗ ಯಾರ ಕೂಡಾನೂ ಮಾತಾಡಿಲ್ಲ ಅನಸ್ತೈತಿ.’

ಕೊನೆಯ ಸಾಲಿನ ಶಾಯಿ ಇನ್ನೂ ಹೊಸದು. ‘ರೀಡಿಂಗ್ ಬರಲಿಲ್ಲ. ಖುದ್ದು ಹೋಗಿ ನೋಡಿದೆ. ಜ್ವರ. ಹುಡುಗ ಅದಾನ.’

ನಾನು ರಿಜಿಸ್ಟರನ್ನು ಇದ್ದ ಹಾಗೇ ಚೀಲದಲ್ಲಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಮಾವ ಬಂದು ಬೋರ್ಡ್ ಸಿಕ್ಕಿಸಿದರು. ಲ್ಯಾಪ್‌ಟಾಪು, ಫೋನು ಎರಡೂ ಎದ್ದವು. ಸಂಜೆ ಆರಕ್ಕೆ ಅವರ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ನಾನು ಎರಡೇ ಅಡಿ ದೂರದಲ್ಲಿ ಮಲಗಿದ್ದರೂ ಮಾವ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ, ನನ್ನ ಫೋನಿಗೆ ಉತ್ತರ ಕಳಿಸಿದರು.

ನಿಮಗೂ ಇಂಥವರು ಒಬ್ಬರು ಇರಬಹುದು. ಇದ್ದರೆ ಅವರ ಕಥೆ ಬರೆದು ಕಳಿಸಿ. ಇಲ್ಲದಿದ್ದರೂ ಕಳಿಸಿ. ಹೇಳುವಂಥದ್ದು ಏನೂ ನಡೆದಿಲ್ಲವಾ? ಹಾಗಾದರೆ ‘ಯಥಾಸ್ಥಿತಿ’ ಅಂತಷ್ಟೇ ಬರೆಯಿರಿ, ಸಾಕು. ನಾನು ಬರ್ಕೊಳ್ತೀನಿ.