ಬಸ್ಯಾನ ಚರಮಗೀತೆಗೆ ನನ್ನ ತಿದ್ದುಪಡಿ

ವಿಜಯಪುರದ ಕಾಲೇಜೊಂದರಲ್ಲಿ ನಾನು ಛಂದಸ್ಸು ಕಲಿಸುತ್ತೇನೆ. ಹೀಗಾಗಿ ಜೈನಾಪುರದ ನನ್ನ ಮಾವ, ತೀರಿಹೋದ ಎತ್ತು ಬಸ್ಯಾನ ಮೇಲೆ ಶೋಕಗೀತೆ ಬರೆದು ವಾಟ್ಸಾಪ್‌ನಲ್ಲಿ ಕಳಿಸಿ, "ಹೆಂಗೈತಿ ನೋಡ್ರಿ" ಎಂದಾಗ ನಾನು ನಿಜಕ್ಕೂ ನೋಡಿಬಿಟ್ಟೆ.

ಲಘು-ಗುರು ಹಾಕಿದೆ, ಮಾತ್ರೆ ಎಣಿಸಿದೆ, ಹೆಚ್ಚಾದದ್ದನ್ನೆಲ್ಲ ಕತ್ತರಿಸಿದೆ. ಅಚ್ಚುಕಟ್ಟಾದ ಪ್ರತಿಯ ಜೊತೆಗೆ ಅಭಿಪ್ರಾಯವನ್ನೂ ದಯಪಾಲಿಸಿದೆ: "ಆದಿಪ್ರಾಸ ಎಲ್ಲೂ ನಿಂತಿಲ್ಲ. ನಡೆ ಕುಂಟುತ್ತದೆ. ಕರುಣರಸ ಇನ್ನೂ ಹದಕ್ಕೆ ಬಂದಿಲ್ಲ."

ನೀಲಿ ಟಿಕ್ಕು ಬಂತು. ಉತ್ತರ ಬರಲಿಲ್ಲ.

ಹೆಂಡತಿ ಸುಜಾತಾ ಅದನ್ನು ಓದಿದಳು. "ಅಪ್ಪ ನೆಟ್ಟಗ ಉಂಡಿಲ್ಲ. ನೀವು ಕರುಣರಸ ಹದಕ್ಕ ಬಂದಿಲ್ಲ ಅಂತೀರಿ?"

"ಪದ್ಯಕ್ಕ ಅಂದೇನಿ, ಮಾವಾರಿಗೆ ಅಲ್ಲ."

"ನಾಳೆ ಎತ್ತಿನ ತಿಥಿಗೆ ಹೊಂಟೇವಲ್ಲ, ಅಲ್ಲೇ ಹೇಳ್ರಿ."

ಮಾವ ಸಿಟ್ಟಾದರೆ ಬಯ್ಯುವವರಲ್ಲ, ಮಾತು ಬಿಡುವವರು. ಹಿರಿಯ ಅಳಿಯ ಯಾವಾಗಲೋ ಅವರ ಮೀಸೆಯ ಬಗ್ಗೆ ಏನೋ ಅಂದಿದ್ದಕ್ಕೆ ಇವತ್ತಿಗೂ ಅವನೊಡನೆ ಮಾತಿಲ್ಲ. ಆ ಮನೆಯಲ್ಲಿ ನನ್ನ ಮಾತನ್ನು ಮನಸ್ಸಿಟ್ಟು ಕೇಳುವವರು ಅವರೊಬ್ಬರೇ. ಅವರನ್ನೂ ಕಳೆದುಕೊಂಡರೆ?

ಮರುದಿನ ದಾರಿಯಲ್ಲಿ ಬಬಲೇಶ್ವರ ದಾಟುವಾಗ ಜ್ವರ ಬಂದಂತಾಯಿತು. ಹಣೆ ಮುಟ್ಟಿ ನೋಡು ಎಂದೆ.

"ಸುಮ್ಕ ಗಾಡಿ ಹೊಡೀರಿ" ಎಂದಳು ಸುಜಾತಾ.

ಅಂಗಳದಲ್ಲಿ ಪೆಂಡಾಲು, ಹಾರ ಹಾಕಿದ ಬಸ್ಯಾನ ಫೋಟೋ, ಊರ ಮಂದಿ. ಒಳಗೆ ಹುಗ್ಗಿ ಕುದಿಯುತ್ತಿತ್ತು, ಹೊರಗೆ ನಾನು ಬೆವರುತ್ತಿದ್ದೆ. ಮಾವ ನನ್ನತ್ತ ನೋಡಲೇ ಇಲ್ಲ. ಎದ್ದು ಮೈಕು ಹಿಡಿದರು.

"ನಾ ಬರದದ್ದನ್ನ ನಮ್ಮ ಅಳಿಯಂದ್ರು ತಿದ್ಯಾರ. ಅವರು ಓದ್ತಾರ, ಕೇಳ್ರಿ."

ಹೇಗೋ ಮೈಕಿನ ತನಕ ಹೋಗಿ, ತಿದ್ದಿದ ಪ್ರತಿಯನ್ನೇ ಓದಿದೆ. ಪ್ರಾಸ ಸರಿಯಿತ್ತು, ಮಾತ್ರೆ ಸರಿಯಿತ್ತು. ಯಾರೂ ಅಳಲಿಲ್ಲ. ಮುಂದೆ ಕೂತಿದ್ದವರೊಬ್ಬರು ಆಕಳಿಸಿದರು. ಕೊನೆಯ ಸಾಲು ಬಂತು: "ಹೊತ್ತು ಮುಳುಗಿತು, ಬಾರೋ ಬಸ್ಯಾ."

"ಎರಡು ಸಲ ಕರೀರಿ" ಎಂದರು ಮಾವ ಮೆಲ್ಲಗೆ. "ಒಂದ ಸಲಕ್ಕ ಅಂವ ಎಂದೂ ಬಂದಾಂವಲ್ಲ."

ಆ ಎರಡನೆಯ ಕರೆಯನ್ನು, ಮಾತ್ರೆ ಹೆಚ್ಚಾಯಿತೆಂದು, ನಾನೇ ಕತ್ತರಿಸಿದ್ದೆ. ತಲೆ ತಗ್ಗಿಸಿ ಮತ್ತೆ ಕರೆದೆ: "ಬಾರೋ ಬಸ್ಯಾ, ಬಾರೋ." ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಈಗ ಹದಕ್ಕ ಬಂತು ನೋಡ್ರಿ."

ಗೂಟದ ಬಳಿ ಮೇಯುತ್ತಿದ್ದ ಬಸ್ಯಾನ ಜೋಡಿ ಎತ್ತು ಮೇವು ಬಿಟ್ಟು, ತಲೆಯೆತ್ತಿ ನನ್ನನ್ನೇ ನೋಡಿತು. ಇಷ್ಟು ವರ್ಷ ಪದ್ಯ ಪಾಠ ಮಾಡಿದ್ದೇನೆ. ತರಗತಿಯಲ್ಲಿ ಯಾರೂ ಹಾಗೆ ತಲೆಯೆತ್ತಿದ್ದಿಲ್ಲ.