ಕರೆಂಟ್ ದರದ ಸಭೆಯಲ್ಲಿ ನನ್ನ ಸಿಂಹಗರ್ಜನೆ

ಕರೆಂಟ್ ಕಂಪನಿಯ ಆದಾಯ ತೆರಿಗೆಯನ್ನು ಕಟ್ಟುವವರು ಯಾರು? ನಾವು! ಹೊಸನಗರದ ನಮ್ಮ ಬೀದಿಯಲ್ಲಿ ಈ ಸತ್ಯವನ್ನು ಕಂಡುಹಿಡಿದ ಮಹಾಜ್ಞಾನಿ ನಾನೇ. ಕಂಪನಿಯ ಲಾಭದ ಮೇಲೆ ಸರ್ಕಾರ ತೆರಿಗೆ ಹಾಕುತ್ತದೆ. ಕಂಪನಿ ಅದನ್ನು ಖರ್ಚೆಂದು ತೋರಿಸಿ ನಮ್ಮ ದರಕ್ಕೆ ಸೇರಿಸುತ್ತದೆ. ಆ ದರದ ಮೇಲೆ ಸರ್ಕಾರ ಮತ್ತೆ ತೆರಿಗೆ ಹಾಕುತ್ತದೆ! ತೆರಿಗೆ ಏರಿದರೆ ತಡವಿಲ್ಲದೆ ಬಿಲ್ಲಿಗೆ ಬರುತ್ತದೆ. ಇಳಿದರೆ ಮಾತ್ರ 'ಪರಿಶೀಲನೆಯಲ್ಲಿ' ಇರುತ್ತದೆ.

ದರ ಏರಿಕೆಯ ಬಗ್ಗೆ ಜನರ ಅಹವಾಲು ಕೇಳುವ ಸಭೆ ಸಾಗರದಲ್ಲಿದೆ ಎಂದು ಗೊತ್ತಾದದ್ದೇ ತಡ, ಆಕ್ಷೇಪಣೆ ಬರೆದೆ. ಮನೆಯ ಮುಂದಿನ ಕೋಣೆಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಯಲ್ಲೇ ಪ್ರತಿ ತೆಗೆದೆ. ಸಾಕ್ಷಿಗೆ ಮನೆಯ ಬಿಲ್ಲನ್ನೂ ಲಗತ್ತಿಸಿದೆ.

"ರೀ, ಅಂಗಡಿಗೆ ಬೇರೆ ಮೀಟರ್ ಹಾಕ್ಸಿ ಅಂತ ಬಡ್ಕೊಂಡು ವರ್ಷ ಆಯ್ತು. ಈಗ ಅವ್ರ ಎದುರೇ ಹೋಗಿ ನಿಲ್ತೀರಾ? ಅಂಗಡಿ ಮುಚ್ಸಿದ್ರೆ ಹೊಟ್ಟೆಗೆಂತ ಮಾಡೋದು?" ಎಂದಳು ಹೆಂಡತಿ ಸುಮ.

"ಕರೆಂಟಿಗೋಸ್ಕರ ಡ್ಯಾಮಿನ ನೀರಲ್ಲಿ ಊರಿಗೂರೇ ಮುಳುಗಿಸ್ಕೊಂಡೋರು ನಾವು. ನಮ್ಮನ್ನ ಯಾರೇ ಕೇಳ್ತಾರೆ, ಮಾರಾಯ್ತಿ?"

ಸಭೆಯಲ್ಲಿ ಗುಡುಗಿದೆ. "ನಿಮ್ ತೆರಿಗೆ ನಾವು ಕಟ್ಟೋದಾದ್ರೆ, ನಮ್ ತೆರಿಗೆ ಯಾರು ಕಟ್ಟೋದು? ನಿಮ್ ಮಾವನಾ?"

ಚಪ್ಪಾಳೆಯೋ ಚಪ್ಪಾಳೆ! ಕಂಪನಿಯ ಅಧಿಕಾರಿ ಮಾತ್ರ ನನ್ನ ಕಾಗದಗಳನ್ನು ನಿಧಾನವಾಗಿ ತಿರುವಿ ಹಾಕುತ್ತಿದ್ದರು.

"ಪ್ರಿಂಟ್ ಭಾರಿ ಚಂದ ಬಂದಿದೆ. ಎಲ್ಲಿ ತೆಗ್ಸಿದ್ರಿ?"

ಹೊಗಳಿಕೆಗೆ ಬಾಗದ ತಲೆ ನನ್ನದಲ್ಲ. "ನಮ್ಮನೇಲೇ ಸರ್! ಮೂರು ಮಷಿನ್ ಇದಾವೆ. ಬೆಳಗಿಂದ ಬೈಗಿನ ತನಕ ಓಡ್ತಾನೇ ಇರ್ತವೆ!"

"ಹೌದಾ? ಬಿಲ್ಲಲ್ಲಿ ಮನೆ ಬಳಕೆ ಅಂತಿದೆಯಲ್ಲ?"

ಚಪ್ಪಾಳೆ ನಿಂತಿತು. ಫಿರ್ಯಾದಿ, ಸಾಕ್ಷಿ, ಆರೋಪಿ ಮೂವರೂ ಒಂದೇ ಅಂಗಿಯೊಳಗೆ ಬೆವರತೊಡಗಿದೆವು!

ಮೂರನೇ ದಿನ ಅದೇ ಅಧಿಕಾರಿಯ ಜೀಪು ಮನೆಮುಂದೆ ಬಂತು. ನನ್ನ ತೆರಿಗೆ ಆಕ್ಷೇಪಣೆ ಇನ್ನೂ ಪರಿಶೀಲನೆಯಲ್ಲಿದೆ. ನನ್ನ ಮೀಟರಿನ ಪರಿಶೀಲನೆ ಮಾತ್ರ ಹತ್ತೇ ನಿಮಿಷದಲ್ಲಿ ಮುಗಿಯಿತು! ದಂಡ ಬಿತ್ತು, ಮನೆ ದರ ಹೋಗಿ ಅಂಗಡಿ ದರ ಬಂತು. ಅಂಗಡಿ ಮುಚ್ಚಲಿಲ್ಲವೆಂದು ಸುಮ ದೇವರಿಗೆ ಕೈಮುಗಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅಲ್ಲ ಸರ್, ಈ ದರದಲ್ಲಿ ನಾನು ಬದುಕೋದು ಹೆಂಗೆ?" ಎಂದು ಗೋಗರೆದೆ.

ಅಧಿಕಾರಿ ಜೀಪು ಹತ್ತುತ್ತಾ ನಕ್ಕರು. "ಗಿರಾಕಿ ಮೇಲೆ ಹಾಕಿ, ಮಾರಾಯ್ರೆ!"

ಆ ಸಂಜೆಯೇ ಜೆರಾಕ್ಸ್ ದರ ಏರಿಸಿದೆ. ಎದುರುಮನೆಯ ಮೇಷ್ಟ್ರು ಬೋರ್ಡ್ ನೋಡಿ ಗುಡುಗಿದರು. "ನಿನ್ ಕರೆಂಟ್ ಬಿಲ್ ನಾನ್ಯಾಕೋ ಕಟ್ಬೇಕು?"

"ಪರಿಶೀಲಿಸ್ತೀನಿ ಸಾರ್" ಎಂದೆ.