ಎಲ್ಲರೂ ಹೀಗೇ ಮಾಡಿದ್ರೆ?

ಮದುವೆ ಕಾರ್ಡಿನಲ್ಲಿ ಸುಳ್ಳು ಇರಬಾರದು ಎಂದು ನಂಬಿದ್ದ ಮನುಷ್ಯ ಇಡೀ ಬೆಂಗಳೂರಿನಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಸೋದರಮಾವ. ಗ್ರಹಚಾರ ನೋಡಿ, ಅವರು ಕೆಲಸಕ್ಕಿದ್ದದ್ದೂ ಸುಲ್ತಾನ್‌ಪೇಟೆಯ ಒಂದು ಮದುವೆ ಕಾರ್ಡಿನ ಅಂಗಡಿಯಲ್ಲೇ! ಗಿರಾಕಿಗಳು ಬರೆದು ತಂದದ್ದನ್ನು ತಿದ್ದಿ, ಪ್ರೂಫ್ ತೋರಿಸಿ, ಸಹಿ, ತಾರೀಖು ಹಾಕಿಸಿಕೊಂಡು ಅಚ್ಚಿಗೆ ಕಳಿಸುವುದು ಅವರ ಕೆಲಸ. ನಾನು ಎರಡು ವರ್ಷದವಳಿದ್ದಾಗ ಅಪ್ಪ ತೀರಿಕೊಂಡರು. ಅಂದಿನಿಂದ ನಾನೂ ಅಮ್ಮನೂ ಚಾಮರಾಜಪೇಟೆಯ ಮಾವನ ಮನೆಯಲ್ಲೇ ಇದ್ದೆವು. ಹಾಗಾಗಿ ಮಾವನ ಸತ್ಯದ ಏಟನ್ನು ಗಿರಾಕಿಗಳಿಗಿಂತ ಜಾಸ್ತಿ ತಿಂದವಳು ನಾನು.

ಲೋಕದ ಎಲ್ಲ ಸಮಸ್ಯೆಗೂ ಮಾವನ ಹತ್ತಿರ ಒಂದೇ ಅಳತೆಗೋಲು: "ಎಲ್ಲರೂ ಹೀಗೇ ಮಾಡಿದ್ರೆ?" ದೊಡ್ಡ ದೊಡ್ಡ ತತ್ವಜ್ಞಾನಿಗಳೂ ಇದನ್ನೇ ಹೇಳಿದ್ದಾರೆಂದು ಕಾಲೇಜಿಗೆ ಹೋದ ಮೇಲೆ ನನಗೆ ತಿಳಿಯಿತು. ಪರಿಣಾಮ ಏನಾದರೂ ಆಗಲಿ, ಕರ್ತವ್ಯ ಕರ್ತವ್ಯವೇ ಅಂತ. ಮಾವ ಅವರನ್ನೆಲ್ಲ ಓದಿದವರಲ್ಲ. ಅವರು ಓದಿದ್ದೆಲ್ಲ ಲಗ್ನಪತ್ರಿಕೆ.

ಗಾಂಧಿಬಜಾರಿನಲ್ಲಿ ಕಡಲೆಕಾಯಿ ಕೊಳ್ಳುವಾಗ ಒಂದನ್ನು ಒಡೆದು ಬಾಯಿಗೆ ಹಾಕಿಕೊಳ್ಳದವರು ಯಾರಿದ್ದಾರೆ? ಮಾವ ಇದ್ದರು. "ಎಲ್ಲರೂ ಹೀಗೇ ಒಂದೊಂದು ತಿಂದ್ರೆ ಆಯಮ್ಮನ ಗುಡ್ಡೆ ಉಳಿಯುತ್ತಾ?" ಎಂದು ರುಚಿ ನೋಡದೆ ಎರಡು ಸೇರು ಕಟ್ಟಿಸಿಕೊಂಡು ಬಂದರು. ಮನೆಯಲ್ಲಿ ಬಿಡಿಸಿದರೆ ಅರ್ಧಕ್ಕರ್ಧ ಜೊಳ್ಳು.

"ಎಲ್ಲರೂ ನಿಮ್ಮ ಹಾಗೇ ತಂದ್ರೆ ಊರಿನ ಜೊಳ್ಳೆಲ್ಲ ಖಾಲಿಯಾಗುತ್ತೆ ಬಿಡಿ," ಎಂದರು ಅತ್ತೆ.

ಇನ್ನು ಶಾಲೆಯ ರಜಾಚೀಟಿ. ನನ್ನ ಗೆಳತಿಯರಿಗೆಲ್ಲ ಜ್ವರ ಬರುತ್ತಿತ್ತು. ಹೊಟ್ಟೆನೋವು ಬರುತ್ತಿತ್ತು. ಕೆಲವರ ಅಜ್ಜಿಯರು ವರ್ಷಕ್ಕೆರಡು ಸಲ ತೀರಿಕೊಳ್ಳುತ್ತಿದ್ದರು. ನನ್ನ ಚೀಟಿಗೆ ಸಹಿ ಹಾಕುವವರು ಮಾವ. ಒಮ್ಮೆ ಹೀಗೆ ಬರೆದುಕೊಟ್ಟರು: "ಮಾನ್ಯರೇ, ನಮ್ಮ ಹುಡುಗಿಗೆ ನಿನ್ನೆ ಜ್ವರವಿರಲಿಲ್ಲ. ಚಳಿಯಿದ್ದುದರಿಂದ ಏಳಲು ಸೋಮಾರಿತನವಾಯಿತು. ಇಂದು ಎದ್ದಿದ್ದಾಳೆ. ದಯವಿಟ್ಟು ಸೇರಿಸಿಕೊಳ್ಳಬೇಕು." ಟೀಚರು ಅದನ್ನು ಇಡೀ ತರಗತಿಗೆ ಓದಿ ಹೇಳಿದರು. ಒಂದು ವಾರ ನಾನು ಮಾವನ ಹತ್ತಿರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಅಂಗಡಿಯಲ್ಲಂತೂ ಕೇಳಬೇಡಿ. "ಆರತಕ್ಷತೆ ಸಂಜೆ ಆರೂವರೆಗೆ" ಎಂದು ಬರೆದು ತಂದ ಯಜಮಾನರೊಬ್ಬರನ್ನು ಮಾವ ಕೇಳಿದರು, "ಆರೂವರೆಗೆ ಹುಡುಗಿ ಸ್ಟೇಜ್ ಮೇಲಿರ್ತಾಳಾ ಸಾರ್?"

"ಎಲ್ಲಿರ್ತಾಳಪ್ಪಾ, ಬ್ಯೂಟಿ ಪಾರ್ಲರಿಂದ ಬರೋದೇ ಎಂಟಾಗುತ್ತೆ."

"ಹಾಗಾದ್ರೆ ಎಂಟು ಅಂತ್ಲೇ ಹಾಕೋಣ."

"ಎಂಟು ಅಂತ ಹಾಕಿದ್ರೆ ಜನ ಹತ್ತಕ್ಕೆ ಬರ್ತಾರಲ್ರೀ!"

ಮಾವ ಅದನ್ನು ಬಿಟ್ಟು ಕೆಳಗಿನ ಸಾಲಿಗೆ ಬಂದರು. "ಉಡುಗೊರೆ ಬೇಡ, ಆಶೀರ್ವಾದ ಸಾಕು ಅಂತ ಬರ್ದಿದೀರ. ಯಾರಾದ್ರೂ ತಂದ್ರೆ ವಾಪಸ್ ಕಳಿಸ್ತೀರಾ?" ಯಜಮಾನರು ಬೆವರು ಒರೆಸಿಕೊಂಡು ಆ ಸಾಲನ್ನೇ ಹೊಡೆದುಹಾಕಿದರು. ಮಾಲೀಕರು ಇದನ್ನೆಲ್ಲ ಸಹಿಸಿಕೊಂಡಿದ್ದರು, ಏಕೆಂದರೆ ಮಾವ ನೋಡಿದ ಕಾರ್ಡಿನಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಿರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಮಲ್ಲೇಶ್ವರದ ಹಳೇ ಗಿರಾಕಿಯೊಬ್ಬರು ತೀರಿಹೋದ ತಮ್ಮನ ಮಗಳ ಮದುವೆಗೆ ಕಾರ್ಡು ಮಾಡಿಸಲು ಬಂದರು. ಆಹ್ವಾನಿಸುವವರು ಅವರು, ಅವರ ಹೆಂಡತಿ. ಹುಡುಗಿ ದಿವಂಗತ ಇಂಥವರ ಪುತ್ರಿ. ಅವಳ ತಾಯಿ ಬದುಕಿದ್ದರೂ ಹೆಸರು ಎಲ್ಲೂ ಇಲ್ಲ. ಗಂಡ ಸತ್ತವರ ಹೆಸರು ಶುಭಪತ್ರಿಕೆಯಲ್ಲಿ ಬೇಡವೆಂಬುದು ಆಗ ಬಹಳ ಮನೆಗಳ ವಾಡಿಕೆ. ಪ್ರೂಫಿಗೆ ಸಹಿಯನ್ನೂ ಹಾಕಿ ಹೋದರು.

ಮರುದಿನ ಮಾವನಿಗೆ ಊಟದ ಡಬ್ಬಿ ಕೊಡಲು ನಾನು ಅಂಗಡಿಗೆ ಹೋಗಿದ್ದಾಗ ಆ ಮದುವಣಗಿತ್ತಿಯೇ ಬಂದಳು. ಕೈಯಲ್ಲಿ ಒಂದು ಚೀಟಿ. "ಸಾರ್, ಇದು ನಮ್ಮಮ್ಮನ ಹೆಸರು. ಒಂದು ಸಾಲು ಸೇರಿಸ್ಬಿಡಿ. ದೊಡ್ಡಪ್ಪಂಗೆ ಹೇಳ್ಬೇಡಿ," ಎಂದಳು.

ಮಾವ ಚೀಟಿಯನ್ನು ಪ್ರೂಫಿನ ಪಕ್ಕದಲ್ಲಿಟ್ಟುಕೊಂಡರು. ಸಹಿ ಬಿದ್ದ ಪ್ರೂಫಿನಲ್ಲಿ ಒಂದಕ್ಷರವನ್ನೂ ಬದಲಾಯಿಸಬಾರದು. ಎಲ್ಲರೂ ಹಾಗೆ ಬದಲಾಯಿಸಿದರೆ ಅಚ್ಚಿನವರನ್ನು ನಂಬುವವರು ಯಾರು? ಆದರೆ ಇದನ್ನು ಹೀಗೇ ಬಿಟ್ಟರೆ, ಹೆತ್ತ ತಾಯಿಯೇ ಇಲ್ಲವೆಂದು ಸಾವಿರ ಕಾರ್ಡು ಮನೆಮನೆಗೆ ಹೇಳಿ ಬರುತ್ತವೆ. ಮಿಷಿನ್ ಓಡಿಸುವವನು ಸುಲಭದ ದಾರಿ ತೋರಿಸಿದ: "ಸೇರಿಸ್ಬಿಡಿ ಸಾರ್. ಕೈತಪ್ಪಿ ಬಂದ್ಬಿಡ್ತು ಅಂದ್ರಾಯ್ತು."

"ಇಷ್ಟು ವರ್ಷ ಕೈ ತಪ್ಪಿಲ್ಲ. ಈಗ ತಪ್ತು ಅಂತ ಸುಳ್ಳು ಹೇಳ್ಲಾ?" ಎಂದ ಮಾವ ಹುಡುಗಿಯ ಕಡೆ ತಿರುಗಿದರು. "ಕದ್ದು ಹಾಕಲ್ಲಮ್ಮ. ಕೇಳಿ ಹಾಕ್ತೀನಿ."

ಸಂಪಿಗೆ ರಸ್ತೆಯಲ್ಲಿ ದೋಸೆ ಕೊಡಿಸುವ ಆಸೆ ತೋರಿಸಿ ಆ ಸಂಜೆ ನನ್ನನ್ನೂ ಕರೆದುಕೊಂಡು ಮಲ್ಲೇಶ್ವರಕ್ಕೆ ಹೋದರು. ಆ ಮನೆಯಲ್ಲಿ ಕಾಫಿ ತಂದಿಟ್ಟವರು ಹುಡುಗಿಯ ತಾಯಿಯೇ. ಇಟ್ಟವರು ಬಾಗಿಲ ಹಿಂದೆ ನಿಂತರು.

"ಸಾರ್, ತಾಯಿ ಹೆಸರು ಬಿಟ್ಟೋಗಿದೆ," ಎಂದರು ಮಾವ.

"ಬಿಟ್ಟೋಗಿಲ್ಲ, ನಾವೇ ಬಿಟ್ಟಿದೀವಿ. ಎಲ್ಲರೂ ಹೀಗೇ ಮಾಡೋದು," ಎಂದರು ದೊಡ್ಡಪ್ಪ.

"ಎಲ್ಲರೂ ಹೀಗೇ ಮಾಡಿದ್ರೆ, ಈ ಊರಲ್ಲಿ ಗಂಡ ಸತ್ತ ಹೆಂಗಸರು ಯಾರೂ ಮಕ್ಕಳನ್ನೇ ಹೆತ್ತಿಲ್ಲ ಅಂತಾಗುತ್ತೆ ಸಾರ್."

"ಅದನ್ನ ಕೇಳೋಕೆ ನೀವ್ಯಾರ್ರೀ?"

"ಪ್ರೂಫ್ ನೋಡೋನು. ನೀವು ಸಹಿ ಹಾಕಿದ್ರೆ ಸೇರಿಸ್ತೀನಿ. ಇಲ್ಲಾಂದ್ರೆ ಇದು ನನ್ನ ಕೈಯಿಂದ ಅಚ್ಚಿಗೆ ಹೋಗಲ್ಲ. ಹೇಳಿ ಹೋಗೋಣ ಅಂತ ಬಂದೆ."

ದೊಡ್ಡಪ್ಪ ಬಾಗಿಲು ತೋರಿಸಿದರು. ದೋಸೆ ತಿನ್ನುವಾಗ ನಾನು ಕೇಳಿದೆ, "ಕೆಲಸ ಹೋದ್ರೆ ಮಾವ?"

"ಹೋಗುತ್ತೆ," ಎಂದು ಇನ್ನಷ್ಟು ಚಟ್ನಿ ಕೇಳಿದರು.

ಕೆಲಸ ಹೋಯಿತು. ಆ ಕಾರ್ಡು ಪಕ್ಕದ ಅಂಗಡಿಯಲ್ಲಿ ತಾಯಿಯ ಹೆಸರಿಲ್ಲದೆಯೇ ಅಚ್ಚಾಯಿತು. ನಾಲ್ಕು ತಿಂಗಳು ಅಮ್ಮ ಸೀರೆಗಳಿಗೆ ಫಾಲ್ಸ್ ಹೊಲಿದು ಮನೆ ನಡೆಸಿದಳು. ಹೊಲಿಯುತ್ತಾ ಬೈಯುತ್ತಿದ್ದಳು, "ನಿನಗ್ಯಾಕೋ ಬೇಕಿತ್ತು ಊರ ಉಸಾಬರಿ? ಕಾರ್ಡಲ್ಲಿ ಹೆಸರಿಲ್ದಿದ್ರೆ ಯಾರು ಸಾಯ್ತಾರೆ?" ಎಲ್ಲದಕ್ಕೂ ಎದುರುತ್ತರ ಕೊಡುವ ಮಾವ ಇದಕ್ಕೆ ಮಾತ್ರ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ಈ ನಡುವೆ ಒಂದು ದಿನ ಆ ಹುಡುಗಿ ಮನೆ ಹುಡುಕಿಕೊಂಡು ಬಂದು ಕಾರ್ಡು ಕೊಟ್ಟಳು. ಅಪ್ಪನ ಹೆಸರಿನ ಪಕ್ಕದಲ್ಲಿ ನೀಲಿ ಇಂಕಿನಲ್ಲಿ ತಾಯಿಯ ಹೆಸರು. ತಾನು ಕೊಡುವ ಪ್ರತಿ ಕಾರ್ಡಿನಲ್ಲೂ ಹೀಗೆ ಬರೆದೇ ಕೊಡುತ್ತಿದ್ದಳಂತೆ. ಮಾವ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಸರಿಯಾಗಿದೆ," ಎಂದರು.

ಐದನೆಯ ತಿಂಗಳು ಮಾಲೀಕರೇ ಮನೆಗೆ ಬಂದು ಕರೆದರು. ಮಾವನ ಜಾಗಕ್ಕೆ ಬಂದವರು ಒಂದು ಕಾರ್ಡಿನಲ್ಲಿ ತಾರೀಖು ತಪ್ಪು ಹಾಕಿದ್ದರು. ಇನ್ನೂರು ಜನ ಮದುವೆಯ ಮರುದಿನ ಛತ್ರಕ್ಕೆ ಬಂದು, ಅಲ್ಲಿ ನಡೆಯುತ್ತಿದ್ದ ಬೇರೆಯವರ ಮದುವೆಯಲ್ಲಿ ಊಟ ಮಾಡಿ, ಊಟ ಚೆನ್ನಾಗಿತ್ತೆಂದು ಹೇಳಿ ಹೋಗಿದ್ದರಂತೆ.

ಇದಾಗಿ ಎಂಟು ವರ್ಷಕ್ಕೆ ನನ್ನ ಮದುವೆ ಗೊತ್ತಾಯಿತು. ಮಾವನೇ ಪ್ರೂಫ್ ತಂದು ಅಮ್ಮನ ಮುಂದಿಟ್ಟರು. ಆಹ್ವಾನಿಸುವವರ ಜಾಗದಲ್ಲಿ ಅಮ್ಮನ ಹೆಸರು, ಅದೊಂದೇ.

"ತೆಗಿಯೋ ಇದನ್ನ," ಎಂದಳು ಅಮ್ಮ. "ಶುಭಕಾರ್ಯ. ನೀನು, ನಿನ್ನ ಹೆಂಡ್ತಿ ಕರೀರಿ. ಎಲ್ಲರೂ ಹಾಗೇ ಮಾಡೋದು."

ಮಾವ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಹೇಳಿದರು, "ಅಕ್ಕ, ನನ್ನ ಮದುವೆ ಕಾರ್ಡ್ ಬರೆದೋನು ನಾನೇ. ಭಾವ ಹೋಗಿ ವರ್ಷ ಆಗಿತ್ತು. ಕೆಳಗೆ ಸುಖಾಗಮನ ಬಯಸುವವರು ಅಂತ ಎಲ್ಲರ ಹೆಸರೂ ಹಾಕ್ದೆ. ನಿನ್ನದು ಬಿಟ್ಟೆ. ಬಿಡು ಅಂತ ಯಾರೂ ಹೇಳಿರ್ಲಿಲ್ಲ. ಎಲ್ಲರೂ ಹೀಗೇ ಮಾಡ್ತಾರೆ ಅಂತ ಬಿಟ್ಟೆ."

ನಾನು ಅಲ್ಲೇ ನಿಂತಿದ್ದೆ. ಅಷ್ಟು ವರ್ಷ ಮಾವ ಊರನ್ನೆಲ್ಲ ಕೇಳುತ್ತಿದ್ದ ಆ ಪ್ರಶ್ನೆ ಎಲ್ಲಿಂದ ಹುಟ್ಟಿತ್ತೆಂದು ಆಗ ತಿಳಿಯಿತು. ನಾನು ಅದನ್ನು ಅಣಕಿಸಿ ನಕ್ಕದ್ದೆಲ್ಲ ನೆನಪಾಯಿತು.

ಅಮ್ಮ ಪ್ರೂಫನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು, "ಗೊತ್ತು ಕಣೋ. ಅವತ್ತು ಕಾರ್ಡ್ ಬಂದಾಗ ಹುಡುಕ್ದೆ. ಎರಡು ಸಲ ಹುಡುಕ್ದೆ."

ಮಾವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ಅವರ ಜೇಬಿನಿಂದ ಪೆನ್ನು ತೆಗೆದುಕೊಂಡು, ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ, ಕೆಳಗೆ ನಿಧಾನವಾಗಿ ಸಹಿ ಹಾಕಿದಳು. ಮಾವ ಪ್ರೂಫನ್ನು ಕೈಗೆ ತೆಗೆದುಕೊಂಡು, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ನೋಡಿ, ಮತ್ತೆ ಅವಳ ಮುಂದಿಟ್ಟರು.

"ತಾರೀಖೂ ಹಾಕಕ್ಕ," ಎಂದರು.